ಎಕ್ಸ್‌ಕ್ಲೂಡ್ಸ್ ಕಂಡ ತಕ್ಷಣ ಎರಡನೇ ಕೋಡ್ ತೆಗೆದುಹಾಕಬೇಡಿ

ಮೆಡಿಕಲ್ ಕೋಡಿಂಗ್ (ರೋಗಿಯ ತೊಂದರೆಗಳನ್ನು ವಿಮೆಯ ಬಿಲ್‌ಗಾಗಿ ಕೋಡ್‌ಗಳಾಗಿ ಬರೆಯುವ ಕೆಲಸ) ಕಲಿಯುತ್ತಿರುವವರು ದಯವಿಟ್ಟು ಓದಿ. ನಮ್ಮ ತಂಡಕ್ಕೆ ಬಂದ ಹೊಸಬರ ಕೈಯಲ್ಲಿ ತರಬೇತಿ ಕೇಂದ್ರವೊಂದು ಕೊಟ್ಟ ಒಂದು ಪುಟದ ಶಾರ್ಟ್‌ಕಟ್ ಹಾಳೆ ಇತ್ತು. ‘ಎಕ್ಸ್‌ಕ್ಲೂಡ್ಸ್ ಎಂದಿದ್ದರೆ ಒಂದೇ ಕೋಡ್ ಹಾಕಿ’ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಎಕ್ಸ್‌ಕ್ಲೂಡ್ಸ್ ಎಂದರೆ ಒಂದು ಕೋಡ್‌ನಲ್ಲಿ ಯಾವ ತೊಂದರೆಗಳು ಸೇರುವುದಿಲ್ಲ ಎಂದು ಕೋಡ್ ಪಟ್ಟಿಯಲ್ಲಿ ಹೇಳುವ ಟಿಪ್ಪಣಿ. ದುಡ್ಡು ಕೊಟ್ಟು ಕಲಿತವರು ಅದನ್ನೇ ಪಾಲಿಸಿದರು. ಆಡಿಟ್‌ನಲ್ಲಿ ಅಂಕ ಹೋದದ್ದು ಅವರದ್ದು, ಕಲಿಸಿದವರದ್ದಲ್ಲ.

ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿರುವ ರೋಗಗಳ ಕೋಡ್ ಪಟ್ಟಿ ಐಸಿಡಿ-10-ಸಿಎಂನಲ್ಲಿ ಈ ಟಿಪ್ಪಣಿ ಎರಡು ಬಗೆಯದು. ಎಕ್ಸ್‌ಕ್ಲೂಡ್ಸ್ 1 ಇದ್ದರೆ ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ಎಕ್ಸ್‌ಕ್ಲೂಡ್ಸ್ 2 ಹೇಳುವುದು ‘ಆ ತೊಂದರೆ ಈ ಕೋಡ್‌ನೊಳಗೆ ಬರುವುದಿಲ್ಲ’ ಎಂದಷ್ಟೇ. ರೋಗಿಗೆ ಎರಡೂ ಇದ್ದರೆ ಎರಡನ್ನೂ ಹಾಕಬಹುದು.

ಒಂದು ಚಾರ್ಟ್ (ರೋಗಿಯ ದಾಖಲೆ) ನನಗೆ ಮರೆಯಲಾಗುತ್ತಿಲ್ಲ. ರೋಗಿಗೆ ಮಧುಮೇಹದಿಂದ ಪಾದದಲ್ಲಿ ಹುಣ್ಣು. ಜೊತೆಗೆ ಮಲಗಿದ್ದಲ್ಲೇ ಮಲಗಿ ಸೊಂಟದ ಹಿಂಭಾಗದಲ್ಲಿ ಹಾಸಿಗೆ ಹುಣ್ಣು. ಹಾಸಿಗೆ ಹುಣ್ಣಿನ ಎಲ್89ರ ಕೆಳಗೆ ಮಧುಮೇಹದ ಹುಣ್ಣಿಗೆ ಇರುವುದು ಎಕ್ಸ್‌ಕ್ಲೂಡ್ಸ್ 2. ಹಾಳೆ ನಂಬಿ ಎಲ್89 ತೆಗೆದದ್ದರಿಂದ, ದಿನವೂ ಡ್ರೆಸಿಂಗ್ ಆಗುತ್ತಿದ್ದ ಗಾಯವೊಂದು ಕ್ಲೇಮ್‌ನಲ್ಲಿ (ವಿಮಾ ಕಂಪನಿಗೆ ಕಳಿಸುವ ಬಿಲ್‌ನಲ್ಲಿ) ಇಲ್ಲವೇ ಇಲ್ಲ! ಕ್ಲೇಮ್ ಡಿನೈ ಆದರೆ ಕಣ್ಣಿಗೆ ಬೀಳುತ್ತದೆ. ಹೀಗೆ ಬಿಟ್ಟುಹೋದ ಕೋಡ್ ಆಡಿಟ್ ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಹೆಚ್ಚು ಭಯ ಇದರದ್ದೇ.

ಇನ್ನೊಂದು ಅಪಾಯ, ಕೊನೆಯ ಕೋಡ್‌ನ ಸಾಲನ್ನಷ್ಟೇ ನೋಡುವುದು. ಟಿಪ್ಪಣಿ ಅಧ್ಯಾಯದ ಆರಂಭದಲ್ಲೋ ಮೂರಕ್ಷರದ ಕೆಟಗರಿಯ ಕೆಳಗೋ ಇರಬಹುದು, ಅದರಡಿಯ ಎಲ್ಲ ಕೋಡ್‌ಗಳಿಗೂ ಅನ್ವಯಿಸುತ್ತದೆ. ಕೆಳಬೆನ್ನಿನ ನೋವಿನ ಎಂ54.50 ಮತ್ತು ಬಲಗಡೆಯ ಸಯಾಟಿಕಾ (ಬೆನ್ನಿನಿಂದ ಕಾಲಿಗೆ ಇಳಿಯುವ ನರದ ನೋವು) ಸಹಿತ ಬೆನ್ನುನೋವಿನ ಎಂ54.41 ಒಟ್ಟಿಗೆ ಹೋಗಿ ಕ್ಲೇಮ್ ವಾಪಸ್ ಬಂದದ್ದು ಹಾಗೆ. ಎಕ್ಸ್‌ಕ್ಲೂಡ್ಸ್ 1 ಇದ್ದದ್ದು ಮೇಲೆ, ಎಂ54.5ರಲ್ಲಿ. ಎಂ54.41 ಒಂದೇ ಸಾಕಿತ್ತು. ಎನ್‌ಕೋಡರ್ (ಕೋಡ್ ಹುಡುಕುವ ಸಾಫ್ಟ್‌ವೇರ್) ಎಚ್ಚರಿಸಲಿಲ್ಲ ಎಂದು ಸುಮ್ಮನಾಗದೆ ಟ್ಯಾಬ್ಯುಲರ್ ಲಿಸ್ಟ್‌ನಲ್ಲಿ (ಕೋಡ್‌ಗಳ ಕ್ರಮವಾರು ಪಟ್ಟಿಯಲ್ಲಿ) ಮೇಲಿನವರೆಗೂ ಓದಿ.

ಎಕ್ಸ್‌ಕ್ಲೂಡ್ಸ್ 1ಕ್ಕೂ ಒಂದು ವಿನಾಯಿತಿ ಇದೆ: ಎರಡು ತೊಂದರೆಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೆ ಎರಡನ್ನೂ ಹಾಕಬಹುದು. ಗೈಡ್‌ಲೈನ್ಸ್ ಕೊಡುವ ಉದಾಹರಣೆ, ಮಾನಸಿಕ ಕಾರಣದ ಕೆಲವು ದೈಹಿಕ ತೊಂದರೆಗಳ ಕೋಡ್ ಎಫ್45.8. ಅದರಡಿ ನಿದ್ದೆಯಲ್ಲಿ ಹಲ್ಲು ಕಡಿಯುವ ಜಿ47.63ಕ್ಕೆ ಎಕ್ಸ್‌ಕ್ಲೂಡ್ಸ್ 1 ಇದೆ. ಆದರೆ ಮಾನಸಿಕ ಕಾರಣದ ಮುಟ್ಟಿನ ನೋವೂ ಎಫ್45.8ರಲ್ಲೇ ಬರುತ್ತದೆ, ಅದಕ್ಕೂ ಹಲ್ಲು ಕಡಿಯುವುದಕ್ಕೂ ಸಂಬಂಧವಿಲ್ಲ. ಸಂಬಂಧ ಇದೆಯೋ ಇಲ್ಲವೋ ಎಂದು ಚಾರ್ಟ್‌ನಿಂದ ತಿಳಿಯದಿದ್ದರೆ ನೀವೇ ಊಹಿಸಬೇಡಿ, ವೈದ್ಯರಿಗೆ ಕ್ವೆರಿ ಕಳಿಸಿ.