ಸಾದಾ ಪೆಟ್ರೋಲೋ, 95 ಆಕ್ಟೇನೋ, 100ಓ?

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಗಿನ ಸ್ಟಿಕರ್ ಓದಿ. ಆಕ್ಟೇನ್ 91 ಅಂತಿದ್ದರೆ ಸಾದಾ ಪೆಟ್ರೋಲೇ ಸಾಕು. ದುಬಾರಿಯದು ಹಾಕಿಸಿದರೆ ಜೇಬು ಹಗುರವಾಗುತ್ತೆ, ಪಿಕಪ್ ಏರಲ್ಲ. ಆಕ್ಟೇನ್ ಅಂದ್ರೆ ಶಕ್ತಿಯಲ್ಲ, ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದ ಗುಣ.

95 ಕೇಳುವ ಟರ್ಬೊ ಕಾರಿನ ಕಥೆ ಬೇರೆ. ಬಳ್ಳಾರಿಯ ಮೇ ಬಿಸಿಲಲ್ಲಿ, ಹೊಸಪೇಟೆ ರಸ್ತೆಯ ಅದಿರು ಲಾರಿ ದಾಟಲು ಆಕ್ಸಿಲರೇಟರ್ ತುಳಿದಾಗ ಟಕಟಕ ಸದ್ದು ಬಂದರೆ ಅದೇ ನಾಕಿಂಗ್, ಪೆಟ್ರೋಲ್ ಎಂಜಿನ್ನೊಳಗೆ ತಾನಾಗಿ ಹೊತ್ತಿಕೊಂಡ ಸದ್ದು. ಆಗ ಇಸಿಯು, ಅಂದ್ರೆ ಎಂಜಿನ್ನಿನ ಕಂಪ್ಯೂಟರ್, ಕಿಡಿ ಹೊತ್ತಿಸೋದನ್ನು ತಡಮಾಡಿ ಎಂಜಿನ್ ಉಳಿಸುತ್ತೆ, ಆದರೆ ಎಳೆತ ಸೊರಗುತ್ತೆ. ಇಂಥ ಕಾರು ದಿನಾ ಓಡಿಸುವವರಿಗೆ ಇಂಡಿಯನ್ ಆಯಿಲ್ ಕಂಪನಿಯ 95 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ95 ನೆಮ್ಮದಿ. ಕೆಲವೇ ರೂಪಾಯಿ ಜಾಸ್ತಿ.

ಎಕ್ಸ್‌ಪಿ100 ಸಾದಾ ಪೆಟ್ರೋಲಿಗಿಂತ ಲೀಟರಿಗೆ 50 ರೂಪಾಯಿಗೂ ಮಿಕ್ಕಿ ದುಬಾರಿ. 98 ಕೇಳುವ ಕಾರಿಗೆ, ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಇಸಿಯು ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ್ದಕ್ಕೆ ಸರಿ. ನೀರು ಹೀರುವ ಎಥನಾಲ್ ಇದರಲ್ಲಿ ಇಲ್ಲದ್ದರಿಂದ ತಿಂಗಳುಗಟ್ಟಲೆ ಶೆಡ್ಡಲ್ಲೇ ನಿಲ್ಲುವ ಹಳೆ ಕಾರಿಗೂ ಒಳ್ಳೇದು. ಎಲ್ಲ ಬಂಕಲ್ಲೂ ಸಿಗಲ್ಲ, ಫೋನ್ ಮಾಡಿ ಕೇಳಿಯೇ ಹೊರಡಿ.