ಶೋಗ್ರೆನ್‌ನ ಒಣಕಣ್ಣಿಗೆ ಹನಿ, ಪ್ಲಗ್, ಸೀರಮ್: ಬಳಸಿ ಕಂಡ ವ್ಯತ್ಯಾಸ

ನನ್ನ ಕಣ್ಣು ಒಣಗಿದ್ದು ಶೋಗ್ರೆನ್ ಸಿಂಡ್ರೋಮ್‌ನಿಂದ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಬರೀ ಸ್ಕ್ರೀನ್ ನೋಡಿ ಕಣ್ಣು ಒಣಗುವವರಿಗೆ ಕೆಳಗಿನ ಲೆಕ್ಕ ಪೂರ್ತಿ ಹೊಂದಲಿಕ್ಕಿಲ್ಲ.

ಮೊದಲು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹನಿ ಹಾಕಿದ ಕೂಡಲೇ ಹಿತ, ಆದರೆ ಬೇಗ ಆರುತ್ತದೆ. ಸೋಡಿಯಂ ಹಯಲುರೊನೇಟ್ ನನ್ನ ಕಣ್ಣಲ್ಲಿ ಇನ್ನಷ್ಟು ಹೊತ್ತು ನಿಂತಿತು. ಇವೆರಡರ ವ್ಯತ್ಯಾಸಕ್ಕಿಂತ ದೊಡ್ಡದು ಸಂರಕ್ಷಕದ್ದು, ಅಂದರೆ ಹನಿ ಕೆಡದಂತೆ ಸೇರಿಸುವ ರಾಸಾಯನಿಕದ್ದು. ಎಷ್ಟೋ ಬಾಟಲಿಗಳಲ್ಲಿರುವ ಬೆಂಜಲ್ಕೋನಿಯಂ ಕ್ಲೋರೈಡ್ ಪದೇ ಪದೇ ಬಿದ್ದರೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲ್ಮೈಗೇ ಪೆಟ್ಟು. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಹಾಕಬೇಕಾದವರು ಸಂರಕ್ಷಕವಿಲ್ಲದ ಹನಿಯನ್ನೇ ಕೇಳಿ ತೆಗೆದುಕೊಳ್ಳಿ. ಜೆಲ್ ದೃಷ್ಟಿಯನ್ನು ಮಂಜು ಮಾಡುತ್ತದೆ, ಅದು ಮಲಗುವ ಹೊತ್ತಿಗಷ್ಟೇ.

ಇವು ನೀರು ಸೇರಿಸುತ್ತವೆ, ಉರಿಯೂತವನ್ನು ತಗ್ಗಿಸುವುದಿಲ್ಲ. ಆ ಕೆಲಸ ಸೈಕ್ಲೋಸ್ಪೋರಿನ್ ಹನಿಯದು. ಗ್ರಂಥಿಯನ್ನು ಮುತ್ತಿದ ಟಿ ಕೋಶಗಳ (ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳ) ಚಟುವಟಿಕೆಯನ್ನು ಅದು ಅಡಗಿಸುತ್ತದೆ. ಹಾಕಿದಾಗ ಚುರ್ರೆನ್ನುತ್ತದೆ, ಗುಣ ಕಾಣಲು ಮೂರರಿಂದ ಆರು ತಿಂಗಳು ಬೇಕು. ಬಹಳ ಜನ ಬಿಟ್ಟುಬಿಡುವುದು ಇಲ್ಲೇ, ದಯವಿಟ್ಟು ಬಿಡಬೇಡಿ. ಸ್ಟೀರಾಯ್ಡ್ ಹನಿಯ ಆರಾಮ ಇದಕ್ಕಿಂತ ಎಷ್ಟೋ ಬೇಗ ಬಂತು, ಆದರೆ ಅದನ್ನು ಬಹಳ ಕಾಲ ಮುಂದುವರಿಸಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ವೈದ್ಯರು ಸ್ಟೀರಾಯ್ಡನ್ನು ಆರಂಭದಲ್ಲಿ ಸ್ವಲ್ಪ ಕಾಲ ಮಾತ್ರ ಕೊಟ್ಟು, ಸೈಕ್ಲೋಸ್ಪೋರಿನ್ ಕೈಹಿಡಿಯುವ ಹೊತ್ತಿಗೆ ನಿಲ್ಲಿಸಿದರು. ಒಂದನ್ನೇ ಇಟ್ಟುಕೋ ಎಂದರೆ ನಾನು ಸೈಕ್ಲೋಸ್ಪೋರಿನ್ ಎನ್ನುತ್ತೇನೆ.

ಪಂಕ್ಟಲ್ ಪ್ಲಗ್ ಎಂದರೆ ರೆಪ್ಪೆಯ ಒಳಮೂಲೆಯಲ್ಲಿ ಕಣ್ಣೀರು ಇಳಿದುಹೋಗುವ ರಂಧ್ರಕ್ಕೆ ಇಡುವ ಪುಟ್ಟ ಬಿರಡೆ. ಕೂರಿಸುವುದು ಕ್ಷಣದ ಕೆಲಸ, ನೋವಿಲ್ಲ. ಉರಿಯೂತ ಇಳಿಯುವ ಮೊದಲೇ ಹಾಕಿದರೆ ಉರಿಯೂತದ ವಸ್ತುಗಳು ತುಂಬಿದ ಕಣ್ಣೀರೇ ಕಣ್ಣಲ್ಲಿ ಕಟ್ಟಿ ನಿಲ್ಲುತ್ತದೆ, ಅದಕ್ಕೇ ನನಗೆ ಸೈಕ್ಲೋಸ್ಪೋರಿನ್ ನೆಲೆಗೊಂಡ ನಂತರ ಕೆಳರೆಪ್ಪೆಗೆ ಹಾಕಿದರು. ಹನಿ ಹಾಕುವ ಅಗತ್ಯ ಎದ್ದು ಕಾಣುವಷ್ಟು ತಗ್ಗಿತು.

ನಮ್ಮದೇ ರಕ್ತದ ಸೀರಮ್‌ನಿಂದ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಿಂದ, ಮಾಡುವ ಹನಿಗೆ (ಸೀರಮ್ ಪ್ರಮಾಣ ಸಾಮಾನ್ಯವಾಗಿ 20%) ಕಾರ್ನಿಯಾ ಮಾಯಿಸುವುದರಲ್ಲಿ ನನ್ನ ಅನುಭವದಲ್ಲಿ ಬೇರಾವ ಹನಿಯೂ ಸಾಟಿಯಲ್ಲ. ಕಣ್ಣೀರಿನಲ್ಲಿರುವಂಥ ಬೆಳವಣಿಗೆಯ ಅಂಶಗಳು, ವಿಟಮಿನ್ ಎ ಅದರಲ್ಲೂ ಇವೆ, ಸವೆದ ಕಾರ್ನಿಯಾ ಅದರಿಂದ ಮಾಯುತ್ತದೆ. ಆದರೆ ಮತ್ತೆ ಮತ್ತೆ ರಕ್ತ ಕೊಡಬೇಕು, ತಣ್ಣಗೇ ಇಡಬೇಕು, ಸಂರಕ್ಷಕವಿಲ್ಲದ್ದರಿಂದ ಸೋಂಕಿನ ಭಯವೂ ಇದೆ. ಪ್ರಯಾಣದಲ್ಲಿ ನಿಭಾಯಿಸುವುದು ಕಷ್ಟ. ಕಾರ್ನಿಯಾ ತೀರಾ ಕೆಟ್ಟಾಗ ಇದೇ ಸರಿ, ದಿನನಿತ್ಯಕ್ಕೆ ಬೇಡ.

ರೆಪ್ಪೆಗೆ ಬಿಸಿ ಶಾಖ ಎಣ್ಣೆಗ್ರಂಥಿ ಕಟ್ಟಿದವರಿಗೆ ಒಳ್ಳೆಯದು. ನನಗೆ ಅಲ್ಪ ಸಹಾಯ.

ಶೋಗ್ರೆನ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ಕಣ್ಣೀರು ಮರಳುತ್ತದೆಂದು ನಿರೀಕ್ಷಿಸಬೇಡಿ. 2014ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಪ್ರಯೋಗದಲ್ಲಿ 24 ವಾರ ಕೊಟ್ಟರೂ ಒಣಗುವಿಕೆ, ನೋವು, ಸುಸ್ತಿನ ವಿಷಯದಲ್ಲಿ ಅದು ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ.

ಒಣಕಣ್ಣಿನ ಜೊತೆ ಬಾಯಿ ಒಣಗುವುದು, ಕೀಲುನೋವು, ತಡೆಯಲಾಗದ ಸುಸ್ತು ಇದ್ದರೆ ಹನಿ ಬದಲಿಸುತ್ತ ಕೂರದೆ ಸಂಧಿವಾತ ತಜ್ಞರನ್ನು ಕಾಣಿ. ಸಂಧಿವಾತ, ಲೂಪಸ್, ಥೈರಾಯ್ಡ್‌ನಂಥ, ದೇಹ ತನ್ನ ಮೇಲೇ ತಿರುಗಿಬೀಳುವ ಬೇರೆ ಕಾಯಿಲೆಗಳಲ್ಲೂ ಕಣ್ಣು ಒಣಗುತ್ತದೆ. ಕಣ್ಣೀರು ಅಳೆಯುವ ಶರ್ಮರ್ ಪರೀಕ್ಷೆಯಲ್ಲಿ ಕೆಳರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ 5 ನಿಮಿಷಕ್ಕೆ 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಒದ್ದೆಯಾದರೆ ಶೋಗ್ರೆನ್‌ನಲ್ಲಿ ಹೆಚ್ಚಾಗಿ ಕಾಣುವ ಎಸ್‌ಎಸ್‌ಎ ಪ್ರತಿಕಾಯದ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಅದು ನೆಗೆಟಿವ್ ಬಂದರೂ ಶೋಗ್ರೆನ್ ಇಲ್ಲವೆಂದಲ್ಲ; ಕೆಳತುಟಿಯ ಒಳಗಿನ ಸಣ್ಣ ಗ್ರಂಥಿಗಳ ಬಯಾಪ್ಸಿ ಆಗ ಬೇಕಾಗಬಹುದು.