ಶ್ರೀರಂಗಪಟ್ಟಣದ ವಜ್ರ, ಶಿರಸಿಯ ಚರ್ಚೆ

ಶಿರಸಿಯ ನಮ್ಮ ಓದುಬಳಗವು ಈ ಮಳೆಗಾಲದಲ್ಲಿ ಕೈಗೆತ್ತಿಕೊಂಡ ವಿಲ್ಕಿ ಕಾಲಿನ್ಸ್ ಅವರ ‘ದಿ ಮೂನ್‌ಸ್ಟೋನ್’ (1868) ಪತ್ತೇದಾರಿ ಕಾದಂಬರಿಯ ಬಗ್ಗೆ ಒಮ್ಮತ ಮೂಡಲೇ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷ್ ಸೇನಾಧಿಕಾರಿಯೊಬ್ಬ ದೋಚಿದ ವಜ್ರವು, ಮುಂದೆ ಯಾರ್ಕ್‌ಷೈರಿನ ಮನೆಯೊಂದರಲ್ಲಿ ರೇಚಲ್ ಎಂಬ ಯುವತಿಯ ಹುಟ್ಟುಹಬ್ಬದ ರಾತ್ರಿಯೇ ಕಳವಾಗುತ್ತದೆ. ಆ ಕಥೆಯನ್ನು ಹಲವರು ತಮಗೆ ಕಂಡಷ್ಟನ್ನೇ ಬರೆದಿಡುತ್ತಾರೆ.

ಮನೆಯ ಮುದಿ ಪಾರುಪತ್ಯಗಾರ ಬೆಟರೆಜ್‌ನ ನಿರೂಪಣೆ ತೀರಾ ಲಂಬಿಸಿದೆಯೆಂದು ಬಳಗದ ಕಿರಿಯರು ಬೇಸರಪಟ್ಟರೆ, ಹಿರಿಯರೊಬ್ಬರು ಆ ನಿಧಾನವೇ ಪುಸ್ತಕದ ಸೊಗಸೆಂದು ಪಟ್ಟು ಹಿಡಿದರು. ನಾನು ಹಿರಿಯರ ಪಕ್ಷ. ಗುಲಾಬಿಗಳನ್ನು ಪ್ರೀತಿಸುವ ಸಾರ್ಜೆಂಟ್ ಕಫ್‌ನಂಥ ಚತುರ ಪತ್ತೇದಾರನೂ ಮೊದಲು ತಪ್ಪು ತೀರ್ಮಾನಕ್ಕೆ ಬರುವುದು ನನಗೆ ಬಹಳ ಹಿಡಿಸಿತು. ಅಫೀಮಿನ ಪ್ರಯೋಗದಿಂದ ಗುಟ್ಟು ಬಿಡಿಸುವ ಭಾಗವನ್ನು ಮಾತ್ರ ಯಾರೂ ಪೂರ್ತಿ ನಂಬಲಿಲ್ಲ.

ಹೆಚ್ಚು ಕಾವೇರಿದ್ದು ವಜ್ರವನ್ನು ಅರಸಿ ಬರುವ ಮೂವರು ಬ್ರಾಹ್ಮಣರ ವಿಷಯದಲ್ಲಿ. ಅವರನ್ನು ನಿಗೂಢ, ಭಯಂಕರ ಪರದೇಶಿಗಳಂತೆ ಚಿತ್ರಿಸಲಾಗಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಇಂಗ್ಲಿಷ್ ಅಧಿಕಾರಿಯ ಕಳ್ಳತನ ನಡೆದದ್ದು ಶ್ರೀರಂಗಪಟ್ಟಣದಲ್ಲೇ ಎಂಬುದನ್ನು ಮರೆಯದೆ, ವಜ್ರವನ್ನು ಕೊನೆಗೆ ಸೋಮನಾಥದ ದೇವರ ಹಣೆಗೇ ಮರಳಿಸಿದ ಲೇಖಕರ ನ್ಯಾಯಬುದ್ಧಿಯನ್ನು ನಾನು ಮನಸಾರೆ ಗೌರವಿಸುತ್ತೇನೆ.